ವಾಪಸ್ ಕರೆದ ವಿಕೆಟ್

ಯೌವನಸ್ಥರೇ, ಇವತ್ತು ಸ್ವಲ್ಪ ಕ್ರಿಕೆಟ್. 1980ರ ಫೆಬ್ರವರಿ, ವಾಂಖೆಡೆ ಮೈದಾನ. ನಮ್ಮ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್, ನಾಯಕ ಭದ್ರಾವತಿಯ ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳಕೊಂಡಿತ್ತು. ಆಮೇಲೆ ಬೋಥಮ್ ಜೊತೆ ಬಾಬ್ ಟೇಲರ್ ನಿಂತರು. ಕಪಿಲ್ ದೇವ್ ಬಾಲಿಗೆ ಟೇಲರ್ ಕ್ಯಾಚ್ ಔಟ್ ಅಂತ ಅಂಪೈರ್ ಬೆರಳೆತ್ತಿದರು. ಸ್ಲಿಪ್‌ನಲ್ಲಿದ್ದ ವಿಶ್ವನಾಥ್‌ಗೆ ಮನಸ್ಸು ಒಪ್ಪಲಿಲ್ಲ, ಬಾಲು ಬ್ಯಾಟಿಗೆ ತಾಗಿಲ್ಲ ಅಂತ. ಅಂಪೈರ್ ಹತ್ರ ಮಾತಾಡಿ ವಾಪಸ್ ಕರೆಸಿದರು. ಟೇಲರ್ 43 ಹೊಡೆದರು, ಜೊತೆಯಾಟ 171. ನಾವು 10 ವಿಕೆಟ್‌ನಿಂದ ಸೋತಿವಿ.

"ಬ್ರದರ್, ಹನ್ನೊಂದು ಮಂದಿ ಬೆವರಿನ ಮ್ಯಾಚ್ ಅದು, ಅವರೊಬ್ಬರು ಹೆಂಗ ಬಿಟ್ಟುಕೊಟ್ರು?" ಅಂತ ನಮ್ಮ ಯೂತ್ ಮೀಟಿಂಗ್‌ನಲ್ಲಿ ಒಬ್ಬ ತಮ್ಮ ಕೇಳಿದ. ಮಾತಿನಾಗ ತೂಕ ಅದ, ತಳ್ಳಿಹಾಕಲ್ಲ. ಸ್ವಂತ ನಷ್ಟ ಸಹಿಸೋದು ಬೇರೆ, ನಂಬಿದವರ ತಲೆಮೇಲೆ ನಷ್ಟ ಹಾಕೋದು ಬೇರೆ. ಆದರೆ ನೋಡ್ರಿ, ವಿಶ್ವನಾಥ್ ತಂಡದ್ದನ್ನ ದಾನ ಮಾಡಲಿಲ್ಲ. ತಂಡದ್ದಲ್ಲದ್ದನ್ನ ಇಟ್ಕೊಳ್ಳಲಿಲ್ಲ, ಅಷ್ಟೇ. ಅಂಗಡಿಯವ ಚಿಲ್ಲರೆ ಹೆಚ್ಚಿಗೆ ಕೊಟ್ರೆ, ಮನೆಮಂದಿ ಹಸಿದಾರ ಅಂತ ಜೇಬಿಗೆ ಹಾಕ್ಕೋತೀವಾ? 15ನೇ ಕೀರ್ತನೆಯಲ್ಲಿ ದಾವೀದ, ನಷ್ಟವಾದರೂ ಮಾತು ಬದಲಿಸದವನನ್ನ ನೆನಸ್ತಾನೆ. ನಷ್ಟ ಆಗೋದಿಲ್ಲ ಅಂತ ಅವನೆಲ್ಲೂ ಹೇಳಲಿಲ್ಲ.

ನಾನು ಹುಡುಗನಿದ್ದಾಗ ಕೊಳಾರದಾಗ ಟೆನಿಸ್ ಬಾಲ್ ಫೈನಲ್. ಬ್ಯಾಟಿಗೆ ತಾಗಿದ್ದು ನನಗೊಬ್ಬನಿಗೇ ಗೊತ್ತು, ನಿಂತೆ, ಗೆದ್ವಿ. ಆ ಕಪ್ ಇನ್ನೂ ನಮ್ಮ ಮನೆ ಶೋಕೇಸಿನಾಗ ಅದ. ಮಗ ಅದರ ಕಥೆ ಕೇಳಿದಾಗೆಲ್ಲ ನಾನು ಬೇರೆ ಮಾತು ತೆಗೀತೀನಿ.