ಮೆಚ್ಚುಗೆಯೂ ಒಂದು ನ್ಯಾಯ

ಹಾಡಿಗೆ ಅಂಕ ಕೊಡಬಹುದೇ? ಶಾಲೆಯ ಉತ್ತರಪತ್ರಿಕೆಗೆ ಕೊಟ್ಟಂತೆ ಹತ್ತಕ್ಕೆ ಇಷ್ಟು ಎಂದು ಕೊಡುವವರಿದ್ದಾರೆ. ಏಳು ವರ್ಷಗಳ ನಂತರ ಆ ಅಂಕ ಬದಲಾದರೆ, ಬದಲಾದದ್ದು ಹಾಡೋ, ಕಿವಿಯೋ, ಕಾಲವೋ?

ಈ ಪ್ರಶ್ನೆಯನ್ನು ಕಣ್ಣಿಗೆ ಕಟ್ಟುವಂತೆ ಮುಂದಿಟ್ಟದ್ದು ಅಮೆರಿಕದ ಒಂದು ಜಾನಪದ-ರಾಕ್ ತಂಡ. ಹೆಸರು 'ನ್ಯೂಟ್ರಲ್ ಮಿಲ್ಕ್ ಹೋಟೆಲ್'. ಲೂಸಿಯಾನಾದ ರಸ್ಟನ್ ಎಂಬ ಸಣ್ಣ ಊರಿನ ಜೆಫ್ ಮ್ಯಾಂಗಮ್ ಅದರ ಹಾಡುಗಾರ. ಅವರ ಎರಡನೆಯ ಆಲ್ಬಮ್ 'ಇನ್ ದ ಏರೋಪ್ಲೇನ್ ಓವರ್ ದ ಸೀ' 1998ರ ಫೆಬ್ರವರಿಯಲ್ಲಿ ಮರ್ಜ್ ಎಂಬ ಸ್ವತಂತ್ರ ಕಂಪನಿಯಿಂದ ಹೊರಬಂತು. ಗಿಟಾರಿನ ಜೊತೆಗೆ ತುತ್ತೂರಿ, ಅಕಾರ್ಡಿಯನ್, ಕಮಾನಿನಿಂದ ಉಜ್ಜಿ ನುಡಿಸುವ ಗರಗಸ. ಕೂಗಿಗೆ ಹತ್ತಿರವಾದ ದನಿ. ಹಾಡುಗಳ ಹಿಂದೆ ಆನ್ ಫ್ರಾಂಕಳ ದಿನಚರಿ ಇತ್ತು. 1945ರಲ್ಲಿ ನಾಜಿಗಳ ಶಿಬಿರದಲ್ಲಿ ತೀರಿಕೊಂಡಾಗ ಆಕೆಗೆ 15 ವರ್ಷ. ಅರ್ಧ ಶತಮಾನದ ಮೇಲೆ ಆ ದಿನಚರಿ ಓದಿದ ಯುವಕನಿಗೆ, ಆಕೆಯನ್ನು ಉಳಿಸಲಾಗಲಿಲ್ಲವಲ್ಲ ಎಂಬ ಸಂಕಟ.

ಆ ಸಂಕಟಕ್ಕೆ ವಿಮರ್ಶಕರು ಕೊಟ್ಟದ್ದೇನು? 'ರೋಲಿಂಗ್ ಸ್ಟೋನ್' ಪತ್ರಿಕೆ ಐದರಲ್ಲಿ ಮೂರು ನಕ್ಷತ್ರ ಕೊಟ್ಟಿತು. 'ಪಿಚ್‌ಫೋರ್ಕ್' 10ಕ್ಕೆ 8.7 ಕೊಟ್ಟಿತು. 2005ರಲ್ಲಿ ಆಲ್ಬಮ್ ಮರುಬಿಡುಗಡೆಯಾದಾಗ ಅದೇ ಪಿಚ್‌ಫೋರ್ಕ್, ಬೇರೊಬ್ಬ ವಿಮರ್ಶಕನ ಕೈಯಿಂದ, ಪೂರ್ತಿ 10 ಕೊಟ್ಟಿತು. ಹಾಡುಗಳಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ.

ಬದಲಾದದ್ದು ಸುತ್ತಲಿನ ಲೋಕ. ಕೇಳಿದವರು ಕೇಳದವರಿಗೆ ದಾಟಿಸುತ್ತ ಹೋದರು. ಹೊಸ ಪೀಳಿಗೆಯ ತಂಡಗಳು ಅದನ್ನು ತಮ್ಮ ಹಿರಿಯರ ಆಸ್ತಿಯೆಂದುಕೊಂಡವು. ಇತ್ತ ಮ್ಯಾಂಗಮ್ 1998ರ ಪ್ರವಾಸ ಮುಗಿದ ಮೇಲೆ ಮೌನಕ್ಕೆ ಸರಿದಿದ್ದ. ಮೌನವಾದವನ ಸುತ್ತ ಕಥೆಗಳು ತಾವಾಗಿಯೇ ಹುಟ್ಟುತ್ತವೆ. ಹಾಗಾದರೆ ಹೆಚ್ಚಾದ ಆ 1.3 ಅಂಕ ಯಾರಿಗೆ ಸಂದದ್ದು? ಹಾಡಿಗೋ, ಹಾಡುಗಾರ ಕಾಣೆಯಾದದ್ದಕ್ಕೋ?

ಉರ್ದುವಿನಲ್ಲಿ ಕವಿಗೆ ಸಲ್ಲುವ ಮೆಚ್ಚುಗೆಯನ್ನು 'ದಾದ್' ಎನ್ನುತ್ತೇವೆ. ಫಾರಸಿಯಿಂದ ಬಂದ ಈ ಪದಕ್ಕೆ ನ್ಯಾಯ ಎಂಬ ಅರ್ಥವೂ ಇದೆ. ದಾದ್ ಬೇಡುವವನು ನ್ಯಾಯ ಬೇಡುವವನೂ ಹೌದು. ಮೆಚ್ಚುಗೆ ಎಂದರೆ ಭಿಕ್ಷೆಯಲ್ಲ, ಸಲ್ಲಬೇಕಾದದ್ದನ್ನು ಸಲ್ಲಿಸುವುದು ಎಂಬ ತಿಳಿವಳಿಕೆ ಆ ಒಂದೇ ಪದದಲ್ಲಿ ಅಡಗಿದೆ. ಮುಷಾಯಿರಾದಲ್ಲಿ ಇನ್ನೊಂದು ಪದವೂ ಕೇಳಿಬರುತ್ತದೆ: 'ಮುಕರ್ರರ್', ಅಂದರೆ ಮತ್ತೊಮ್ಮೆ ಹೇಳಿ. ಅಲ್ಲಿಯೂ ಮುಖಸ್ತುತಿ ಇದೆ, ಸಾಲಿಗಿಂತ ಕಂಠಕ್ಕೇ ಮರುಳಾಗುವುದಿದೆ. ಆದರೆ ಎಷ್ಟು ಅಂಕ ಎಂದು ಹೇಳಿ ಏಳುವುದಕ್ಕಿಂತ, ಮತ್ತೊಮ್ಮೆ ಕೇಳುತ್ತೇವೆ ಎಂದು ಕೂರುವುದರಲ್ಲಿ ಹೆಚ್ಚಿನ ನ್ಯಾಯವಿದೆ.

ಈ ದೃಷ್ಟಿಯಿಂದ ನೋಡಿದರೆ 1998ರ ವಿಮರ್ಶಕರು ಅನ್ಯಾಯ ಮಾಡಿದರೆಂದು ನಮಗೆ ಅನಿಸುವುದಿಲ್ಲ. ಕೇಳಿದ್ದನ್ನು ಕೇಳಿದಂತೆ ಹೇಳಿದ್ದರೆ ಅವರ ಕರ್ತವ್ಯ ಮುಗಿಯಿತು. ತಪ್ಪಿರುವುದು ಅಂಕದ ಗತ್ತಿನಲ್ಲಿ. ಮಾತು ತನ್ನ ಅನುಮಾನವನ್ನೂ ಜೊತೆಗೆ ಹೇಳಬಲ್ಲದು. ಅಂಕ ಮಾತ್ರ ಮೇಲ್ಮನವಿಯೇ ಇಲ್ಲದ ತೀರ್ಪಿನಂತೆ ನಿಲ್ಲುತ್ತದೆ. 8.7 ಹಾಗೆ ನಿಂತಿತ್ತು, 10 ಕೂಡ ಹಾಗೆಯೇ ನಿಂತಿದೆ.

ನಮ್ಮನ್ನು ಕಾಡುವ ಸಂಗತಿ ಮತ್ತೊಂದಿದೆ. ಈ ಆಲ್ಬಮ್ಮಿಗೆ ಮರುವಿಚಾರಣೆ ದೊರೆಯಿತು, ಅದರ ಪರವಾಗಿ ನಿಲ್ಲುವವರಿದ್ದರು. ಅದೇ ವರ್ಷ ಬಂದು, ಒಂದೇ ಸಲ ತೂಗಿಸಿಕೊಂಡು ಮರೆಯಾದ ಹಾಡುಗಳಿಗೆ ಸಾಕ್ಷಿಗಳೇ ಇಲ್ಲ. ಕಥೆ ಬರೆಯುವ ನಮಗೆ ಇದು ದೂರದ ಮಾತಲ್ಲ. ನಮ್ಮಲ್ಲಿ ಎಷ್ಟೋ ಸಂಕಲನಗಳಿಗೆ 'ಸ್ವೀಕಾರ' ಅಂಕಣದ ಎರಡು ಸಾಲೇ ಮೊದಲ ಮತ್ತು ಕೊನೆಯ ವಿಚಾರಣೆ.

2013ರಲ್ಲಿ ತಂಡ ಮತ್ತೆ ವೇದಿಕೆಗೆ ಬಂತು. 2015ರವರೆಗೆ ಊರೂರು ಸುತ್ತಿತು. ಫೋಟೋ, ವೀಡಿಯೋ ತೆಗೆಯಬೇಡಿ ಎಂದು ಸಭಿಕರನ್ನು ಕೇಳಿಕೊಂಡಿತು. ಕೆಲವರಿಗೆ ಅದು ಬಿಂಕವೆನಿಸಿರಬಹುದು. ನಮಗೆ ಅದು ನ್ಯಾಯವಾದ ಬೇಡಿಕೆಯಾಗಿಯೇ ಕಾಣುತ್ತದೆ. ಹಾಡುವವನು ಅಂಕ ಕೇಳಲಿಲ್ಲ, ದಂತಕಥೆಯಾಗಲು ಒಪ್ಪಲಿಲ್ಲ. ಬಂದವರು ಕಿವಿಗೊಡಲಿ ಎಂದಷ್ಟೇ ಕೇಳಿದ. ಅಷ್ಟು ಕೊಡಲು ವಿಮರ್ಶಕನೇ ಆಗಬೇಕಿಲ್ಲ. ಯಾರು ಬೇಕಾದರೂ ಕೊಡಬಹುದಾದ ದಾದ್ ಅದು.