ಕನ್ನಡದಲ್ಲಿ ಹೇಳಿದ್ದು

ಮುಂಬಯಿಯಲ್ಲಿ ಕನ್ನಡ ಯಾವುದಕ್ಕೆ ಬೇಕಾಗುತ್ತದೆ ಎಂದು ಕೇಳಿದರೆ ಮಾಟುಂಗದ ಹೋಟೆಲು, ಸಂಘದ ನಾಟಕ, ಊರಿನ ಫೋನು ಎನ್ನುತ್ತೇವೆ. ನನಗೆ ಅದು ಬೇಕಾದದ್ದು ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ. 2011ರಲ್ಲಿ ಈ ಊರಿನ ಒಂದು ಆಸ್ಪತ್ರೆಯಲ್ಲಿ ಕಿರಿಯ ವೈದ್ಯನಾಗಿದ್ದೆ. ವಿಜಯಪುರ, ಕಲಬುರಗಿ, ಬೀದರ ಕಡೆಯಿಂದ ಬಂದವರಿಗೆ ಕೆಟ್ಟ ಸುದ್ದಿ ಹೇಳಬೇಕಾದಾಗಲೆಲ್ಲ ನನಗೆ ಕರೆ ಬರುತ್ತಿತ್ತು. ನಮ್ಮ ಘಟಕದಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ.

ಇಂಡಿ ತಾಲ್ಲೂಕಿನ ಒಂಬತ್ತು ವರ್ಷದ ಹುಡುಗ. ರಕ್ತದ ಕ್ಯಾನ್ಸರ್ ಎರಡನೇ ಸಲ ಮರುಕಳಿಸಿತ್ತು. ಹಿರಿಯ ವೈದ್ಯರು ಸ್ಪಷ್ಟವಾಗಿಯೇ ಹೇಳಿದ್ದರು: ದಾರಿ ಎರಡಿವೆ, ಎರಡನ್ನೂ ಹೇಳು, ಅವರೇ ಆರಿಸಿಕೊಳ್ಳಲಿ. ಒಂದು, ನೋವು ತಗ್ಗಿಸುವ ಔಷಧ ಕೊಟ್ಟು ಊರಿಗೆ ಕಳಿಸುವುದು. ಇನ್ನೊಂದು, ಮತ್ತೊಂದು ಸುತ್ತು ಕೀಮೋ. ಗುಣವಾಗುವ ಸಾಧ್ಯತೆ ತೀರ ಕಡಿಮೆ, ಸೋಂಕಿನ ಅಪಾಯ ಹೆಚ್ಚು.

ನಾನು ಎರಡನ್ನೂ ಹೇಳಿದೆ. ಒಂದು ಸುಳ್ಳೂ ಹೇಳಲಿಲ್ಲ. ಆದರೆ ಮೊದಲನೆಯ ದಾರಿಗೆ ಒಂದು ವಾಕ್ಯ, ಎರಡನೆಯದಕ್ಕೆ ಹತ್ತು. ಅಪ್ಪ ಕೇಳಿದ: “ನಿಮ್ಮ ಕೂಸ ಆಗಿದ್ರ ನೀವ್ ಏನ್ ಮಾಡ್ತಿದ್ರಿ, ಸಾಹೇಬ್ರ?” ನನಗಾಗ ಮದುವೆಯೂ ಆಗಿರಲಿಲ್ಲ. “ಇನ್ನೊಮ್ಮೆ ನೋಡೋಣ್ರಿ” ಎಂದೆ.

ಹುಡುಗನಿಗೆ ಕಾರಹುಣ್ಣಿಮೆಗೆ ಊರಿಗೆ ಹೋಗಬೇಕಿತ್ತು. ಕರಿ ಹರಿಯುವಾಗ ತಮ್ಮ ಎತ್ತು ಮುಂದೆ ಬರುತ್ತದೋ ಇಲ್ಲವೋ ಎಂಬುದೇ ಅವನ ಚಿಂತೆ. ಹುಣ್ಣಿಮೆಗೆ ಎರಡು ದಿನ ಇರುವಾಗ ಐಸಿಯುನಲ್ಲಿ, ಬಾಯಲ್ಲಿ ನಳಿಗೆ ಇದ್ದಂತೆಯೇ ತೀರಿಕೊಂಡ. ಅಪ್ಪ ಅವ್ವ ಗಾಜಿನ ಬಾಗಿಲಿನ ಆಚೆ ನಿಂತಿದ್ದರು.

ನನ್ನ ಬಳಿ ಕಾರಣಗಳಿದ್ದವು. ಮಾದಕ ವಸ್ತುಗಳ ಮೇಲಿನ 1985ರ ಕಾನೂನಿನಿಂದಾಗಿ ಮಾರ್ಫಿನ್ ಇಟ್ಟುಕೊಳ್ಳುವುದೇ ಆಸ್ಪತ್ರೆಗಳಿಗೆ ತಲೆನೋವಾಗಿತ್ತು. ತಿದ್ದುಪಡಿ ಬಂದದ್ದು 2014ರಲ್ಲಿ. ಅವನ ಊರಿನ ಆಸುಪಾಸಿನಲ್ಲಿ ಆ ಮಾತ್ರೆ ಸಿಗುತ್ತದೆಂಬ ಭರವಸೆ ನನಗಿರಲಿಲ್ಲ. ಜೊತೆಗೆ ನಮ್ಮ ವೃತ್ತಿಯ ಇತಿಹಾಸವೇ ಆಸೆ ಹುಟ್ಟಿಸುವಂಥದ್ದು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ ಎಂಬ ಔಷಧವನ್ನು ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟಾಗ 10 ಮಕ್ಕಳು ಚೇತರಿಸಿಕೊಂಡರು, ಅದೂ ಕೆಲವು ತಿಂಗಳ ಮಟ್ಟಿಗೆ. (ಆ ಔಷಧ ತಯಾರಿಸಿದ ತಂಡವನ್ನು ನಡೆಸಿದವರು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್.) ಅಲ್ಲಿಂದ ಹೊರಟ ದಾರಿಯಲ್ಲಿ ಇಂದು ಶ್ರೀಮಂತ ದೇಶಗಳಲ್ಲಿ ಮಕ್ಕಳ ಸಾಮಾನ್ಯ ರಕ್ತದ ಕ್ಯಾನ್ಸರಿನಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ‘ಇನ್ನೊಮ್ಮೆ ನೋಡೋಣ’ ಎಂದವರಿಂದಲೇ ಇದೆಲ್ಲ ಆದದ್ದು. ಹಾಗಾಗಿ ಆ ಮಾತನ್ನು ಮೂರ್ಖತನ ಎನ್ನಲಾರೆ.

ಆದರೆ ಅಂದು ನಾನು ಹಾಗೆ ಹೇಳಿದ್ದು ಫಾರ್ಬರನ ನೆನಪಿನಿಂದಲ್ಲ. ಆ ತಿಂಗಳು ನಮ್ಮ ವಾರ್ಡಿನಲ್ಲಿ ಮೂರು ಮಕ್ಕಳು ಹೋಗಿದ್ದವು. ನಾಲ್ಕನೆಯದರ ಮಂಚದ ಪಕ್ಕ ಕೈಕಟ್ಟಿ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಕೀಮೋ ಬರೆದರೆ ಕೈಗೊಂದು ಕೆಲಸ: ರಕ್ತ ತೆಗೆ, ವರದಿ ನೋಡು, ಪ್ಲೇಟ್‌ಲೆಟ್ ತರಿಸು. ಹುಡುಗನ ಮುಖ ನೋಡುವ ಬದಲು ಕಾಗದ ನೋಡಬಹುದು.

ಕೆನಡಾದ ಲಿಯಾಟ್ ಗ್ರಾನೆಕ್ ಮತ್ತು ಸಂಗಡಿಗರು 20 ಕ್ಯಾನ್ಸರ್ ವೈದ್ಯರನ್ನು ಮಾತನಾಡಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಕೈಗೆ ಸಿಕ್ಕಿದ್ದು ಬಹಳ ತಡವಾಗಿ. ರೋಗಿಗಳ ಸಾವು ತಂದ ದುಃಖ ತಮ್ಮ ಮುಂದಿನ ನಿರ್ಧಾರಗಳ ಮೇಲೂ ಬೀಳುತ್ತದೆ, ಆರೈಕೆಯಷ್ಟೇ ಸಾಕಾಗಿದ್ದ ಕಡೆ ಹೆಚ್ಚು ಉಗ್ರ ಚಿಕಿತ್ಸೆಯ ಕಡೆಗೆ ವಾಲುತ್ತೇವೆ ಎಂದು ಅವರಲ್ಲಿ ಹಲವರು ಒಪ್ಪಿಕೊಂಡಿದ್ದರು. ಓದಿದಾಗ ಸಮಾಧಾನ ಆಗಬೇಕಿತ್ತು, ಇಂಥವನು ನಾನೊಬ್ಬನೇ ಅಲ್ಲ ಎಂದು. ಹೊಟ್ಟೆ ತೊಳಸಿತು.

ವೈದ್ಯರ ದುಃಖದ ಬಗ್ಗೆ ಮಾತಾಡುವವರು ನಿದ್ದೆಗೇಡು, ಕುಡಿತ, ಕೆಲಸ ಬಿಡುವುದು ಇವನ್ನೇ ಎಣಿಸುತ್ತಾರೆ. ಪಾಪ, ಡಾಕ್ಟರಿಗೂ ಮನಸ್ಸಿರುತ್ತದಲ್ಲ ಎಂಬ ಧಾಟಿ. ನನ್ನ ತಕರಾರು ಇರುವುದು ಇಲ್ಲೇ. ನಾನು ನುಂಗಿಕೊಂಡ ದುಃಖ ನನ್ನ ಹೊಟ್ಟೆಯಲ್ಲೇ ಉಳಿದಿದ್ದರೆ ಅದು ನನ್ನ ಖಾಸಗಿ ಮಾತು. ಅದು ಔಷಧದ ಚೀಟಿಯಾಗಿ ಹುಡುಗನ ಮೈಗೆ ಹೋಯಿತು. ಅವನ ಅಪ್ಪನ ಲೆಕ್ಕಕ್ಕೂ ಹೋಯಿತು: ಮಾನಖುರ್ದದಲ್ಲಿ ಊರವನೊಬ್ಬನ ಖೋಲಿಯಲ್ಲಿ ಇನ್ನೂ ಒಂದು ತಿಂಗಳು. ಪರೇಲಿನಲ್ಲಿ ಟಾಟಾ ಆಸ್ಪತ್ರೆಯ ಸುತ್ತ ಓಡಾಡಿದವರು ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಹೊದಿಸಿಕೊಂಡು ಕಾಯುವ ಸಂಸಾರಗಳನ್ನು ನೋಡಿರುತ್ತಾರೆ. ಸೇಂಟ್ ಜೂಡ್‌ನಂಥ ಸಂಸ್ಥೆ 2006ರಿಂದ ಇಂಥ ಮಕ್ಕಳಿಗೂ ತಾಯ್ತಂದೆಯರಿಗೂ ಉಚಿತ ವಸತಿ ಕೊಡುತ್ತ ಬಂದಿದೆ. ಆದರೂ ಎಲ್ಲರಿಗೂ ಜಾಗ ಎಲ್ಲಿಂದ?

ಒಬ್ಬ ಗೆಳೆಯ ಹೇಳುತ್ತಿದ್ದ: ಪ್ರತಿ ಮಗುವಿಗೂ ಅತ್ತರೆ ಸಾಲಿನಲ್ಲಿರುವ ಮುಂದಿನ ಮಗುವನ್ನು ನೋಡುವವರು ಯಾರು? ಅವನ ಮಾತು ಸುಳ್ಳಲ್ಲ. ಅವನ ಕೈಯಲ್ಲಿ ಬದುಕಿದ ಮಕ್ಕಳು ನನ್ನ ಕೈಯಲ್ಲಿ ಬದುಕಿದವರಿಗಿಂತ ಹೆಚ್ಚು. ಆದರೆ ನಾನೂ ಆಗ ಅಳುತ್ತಿರಲಿಲ್ಲ. ಗಟ್ಟಿ ಮನಸ್ಸಿನವನೆಂದೇ ಹೆಸರಾಗಿದ್ದೆ. ಹುಡುಗ ಹೋದ ಮೇಲೆ ಪ್ರಮಾಣಪತ್ರಕ್ಕೆ ಸಹಿ ಹಾಕಿ ಹತ್ತು ನಿಮಿಷಕ್ಕೆ ಓಪಿಡಿಯಲ್ಲಿ ಕೂತಿದ್ದೆ. ಅವನ ಮೈ ಒರೆಸಿ, ಕೂದಲಿಲ್ಲದ ತಲೆಗೆ ಟೋಪಿ ಹಾಕಿದ್ದು ಸಿಸ್ಟರ್. ಶರಣರು ಸೂತಕವನ್ನು ಒಪ್ಪಲಿಲ್ಲ, ನಮ್ಮ ಮನೆಯಲ್ಲೂ ಇಲ್ಲ. ಆದರೂ ಸಾವಿನ ಮನೆಯವರಿಗೆ ಯಾರೂ ಕೆಲಸ ಹಚ್ಚದ ಒಂದಷ್ಟು ದಿನ ಇರಲಿ ಎಂದು ಹಳಬರು ಯಾಕೆ ಅಂದುಕೊಂಡರೋ ಎಂದು ಆಗಾಗ ಯೋಚಿಸುತ್ತೇನೆ. ಒಂದು ದಿನ ಬೇಡ, ಅರ್ಧ ಗಂಟೆ.

ಆ ಹುಡುಗನಿಗೆ ಗೊತ್ತಿತ್ತೇ? ಗೊತ್ತಿತ್ತು ಎಂದೇ ನನಗನಿಸುತ್ತದೆ. ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆ ಅಮೆರಿಕದ ವಾರ್ಡೊಂದರಲ್ಲಿ ಇಂಥ ಮಕ್ಕಳ ಜೊತೆ ಕಾಲ ಕಳೆದು 1978ರಲ್ಲಿ ಬರೆದ ಪುಸ್ತಕದ ಪ್ರಕಾರ, ಯಾರೂ ಹೇಳದಿದ್ದರೂ ಮಕ್ಕಳಿಗೆ ತಿಳಿದಿರುತ್ತದೆ. ದೊಡ್ಡವರು ದೂರ ಸರಿದಾರೆಂದು ತಿಳಿಯದಂತೆ ನಟಿಸುತ್ತಾರೆ. ಕಡೆಯ ವಾರ ಅವನು ಎತ್ತಿನ ಮಾತು ಎತ್ತಲೇ ಇಲ್ಲ. ಅವನಿಗೆ ಆಸೆ ಬಂದಿದೆ ಎಂದುಕೊಂಡಿದ್ದೆ.

ಮರು ವರ್ಷ ಯಾವುದೋ ಕಾಗದಕ್ಕಾಗಿ ಅವನ ಅಪ್ಪ ಬಂದಿದ್ದ. ಕ್ಯಾಂಟೀನಿನಲ್ಲಿ ಚಹಾ ಕುಡಿದೆವು. ತಪ್ಪೊಪ್ಪಿಕೊಳ್ಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಅಂದ: “ಬ್ಯಾರೇದವ್ರ ಮಾತು ನಮಗ ತಿಳೀಲಿಲ್ಲ. ನೀವು ಕನ್ನಡದಾಗ ಹೇಳಿದ್ರಿ, ಅದಕ್ಕ ನಂಬಿದ್ವಿ.” ಕೃತಜ್ಞತೆಯಿಂದ ಹೇಳಿದ ಮಾತು. ನಾನು ಬಾಯಿ ಮುಚ್ಚಿಕೊಂಡೆ. ಅದೇ ವರ್ಷ ವಾರ್ಡು ಬಿಟ್ಟೆ. ಈಗ ಡೊಂಬಿವಲಿಯಲ್ಲಿ ನೆಗಡಿ, ಜ್ವರ, ಲಸಿಕೆ.

ಹೋದ ತಿಂಗಳು ಹುಬ್ಬಳ್ಳಿಯ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಇಲ್ಲಿ ಕಿರಿಯ ವೈದ್ಯೆ. ಮರುದಿನ ಯಾದಗಿರಿಯ ತಾಯಿಯೊಬ್ಬಳಿಗೆ ಹೇಳಬೇಕಿತ್ತು. ಎರಡೂ ದಾರಿಗೆ ಎಷ್ಟೆಷ್ಟು ವಾಕ್ಯ ಹೇಳುತ್ತೀ ಎಂದು ಮೊದಲು ಬರೆದು ಎಣಿಸಿಕೋ ಎಂದೆ. ಬರೆದುಕೊಂಡಳು. ಆಮೇಲೆ, “ನಿಮ್ಮ ಮಗು ಆಗಿದ್ದರೆ ಅಂತ ಕೇಳಿದರೆ ಏನು ಹೇಳಲಿ, ಸರ್?” ಎಂದಳು. ನನಗೀಗ ಏಳು ವರ್ಷದ ಮಗಳಿದ್ದಾಳೆ. ಪಕ್ಕದ ಕೋಣೆಯಲ್ಲಿ ಮಗ್ಗಿ ಹೇಳುತ್ತಿದ್ದಳು. ನಾನು ಉತ್ತರ ಹುಡುಕುತ್ತಿರುವಾಗಲೇ ಆ ಹುಡುಗಿಗೆ ವಾರ್ಡಿನಿಂದ ಕರೆ ಬಂತು, ಫೋನ್ ಇಟ್ಟಳು.