ಪೂರ್ವಪಕ್ಷಕ್ಕೆ ಕಿವಿಗೊಡುವ ಬಗೆ

ಅನುಭವಮಂಟಪದ ಹೆಸರನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ನಮ್ಮ ಪ್ರೌಢಶಾಲೆಗಳ ತರಗತಿಯಲ್ಲಿ ಬಹುಮಟ್ಟಿಗೆ ನಡೆಯುವುದು ಗೋಷ್ಠಿಯಲ್ಲ, ಪಾಠ ಒಪ್ಪಿಸುವಿಕೆ. ಕಂಠಪಾಠವನ್ನು ನಾನು ಹಳಿಯುವವನಲ್ಲ, ಅದರಿಂದಲೇ ಅನ್ನವುಂಡವನು. ಆದರೂ ಶಿವಗಣಪ್ರಸಾದಿ ಮಹಾದೇವಯ್ಯನವರು 15ನೆಯ ಶತಮಾನದಲ್ಲಿ ಶರಣರ ವಚನಗಳನ್ನು ಸಂವಾದರೂಪವಾಗಿಯೇ ಜೋಡಿಸಿ ಶೂನ್ಯಸಂಪಾದನೆಯನ್ನು ರಚಿಸಿದರಷ್ಟೆ. ಪ್ರಶ್ನೆಯಿಂದ ಬೆಳೆದ ಗ್ರಂಥವನ್ನು ಪ್ರಶ್ನೆಯಿಲ್ಲದೆ ಕಲಿಸುವುದು ಎಂತಹ ಬೋಧನೆ?

ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯ ಮಕ್ಕಳಿಗೆ ಒಮ್ಮೆ ಪ್ರಭುದೇವರು ಸೊನ್ನಲಿಗೆಗೆ ಬಂದ ಪ್ರಸಂಗವನ್ನು ಹೇಳುತ್ತಿದ್ದೆನು. ಕೆರೆ ಕಟ್ಟಿಸುವ ಕಾರ್ಯದಲ್ಲಿ ಮಗ್ನರಾಗಿದ್ದ ಸಿದ್ಧರಾಮರನ್ನು ಪ್ರಭುಗಳು ಕಟುನುಡಿಯಿಂದ ಕೆಣಕಿದರು. ಆಗ ಕಡೂರು ಕಡೆಯ ಹುಡುಗನೊಬ್ಬನು ಎದ್ದು, “ಗುರುಗಳೇ, ನಮ್ಮೂರ ಕೆರೆ ಬತ್ತಿದ ವರ್ಷ ತೆಂಗಿನ ಸುಳಿಯೇ ಒಣಗಿತು. ಕೆರೆ ಕಟ್ಟಿದವರದು ತಪ್ಪು ಹೇಗೆ?” ಎಂದನು. “ಪ್ರಭುಗಳ ಮಾತಿಗೆ ಎದುರಾಡಬೇಡ, ಕುಳಿತುಕೋ” ಎಂದೆನು. ಅವನು ಕುಳಿತನು, ಆ ವರ್ಷವೆಲ್ಲ ಮತ್ತೆ ಬಾಯಿ ತೆರೆಯಲಿಲ್ಲ. ಆ ಮೌನವು ನನ್ನನ್ನು ಇಂದಿಗೂ ಚುಚ್ಚುತ್ತದೆ.

ನಮ್ಮ ನ್ಯಾಯಶಾಸ್ತ್ರವು ಮಾತುಕತೆಯನ್ನು ಮೂರಾಗಿ ವಿಂಗಡಿಸಿದೆ: ತತ್ತ್ವವನ್ನರಿಯಲು ಆಡುವುದು ವಾದ, ಗೆಲ್ಲಲು ಆಡುವುದು ಜಲ್ಪ, ತನ್ನದೊಂದು ಪಕ್ಷವಿಲ್ಲದೆ ಪರರದನ್ನು ಕೆಡಹುವುದು ವಿತಂಡ. ಪೂರ್ವಪಕ್ಷವನ್ನು ಸರಿಯಾಗಿ ನಿರೂಪಿಸದೆ ಸಿದ್ಧಾಂತಕ್ಕೆ ಹೋಗುವಂತಿಲ್ಲ. ಈ ಹಳೆಯ ಕ್ರಮವನ್ನೇ ನಾನು ತರಗತಿಗೆ ತಂದೆನು. ಮುನ್ನಾದಿನವೇ ಪ್ರಸಂಗವನ್ನೋದಿಸಿ, ಉತ್ತರ ಹೇಳದೆ ಒಂದೇ ಪ್ರಶ್ನೆಯನ್ನು ಕೊಟ್ಟು ಕಳುಹಿಸುವೆನು. ಒಂದು ರಾತ್ರಿ ಅದು ಮನಸ್ಸಿನಲ್ಲಿ ನೆನೆಯಬೇಕು. ತನಗೆ ಒಪ್ಪಿಗೆಯಾಗದ ಪಕ್ಷವನ್ನು ಪ್ರತಿಯೊಬ್ಬನೂ ನಾಲ್ಕು ಸಾಲು ಬರೆದು ತರತಕ್ಕದ್ದು. ಮರುದಿನ ಮಾತನಾಡುವವನು ಮೊದಲು, ಹಿಂದೆ ಮಾತನಾಡಿದವನ ಅಭಿಪ್ರಾಯವನ್ನು ಅವನು ತಲೆದೂಗುವಂತೆ ಹೇಳಬೇಕು. ಇದು ಸುಲಭವೆಂದು ತಿಳಿಯಬೇಡಿರಿ. ಅಧ್ಯಾಪಕರ ಸಭೆಯಲ್ಲಿ ನಮಗೇ ಆಗುವುದಿಲ್ಲ! ಗುರುವಾದವನು ಕೊನೆಯವರೆಗೂ ತೀರ್ಪು ಕೊಡದೆ ನಾಲಗೆಯನ್ನು ಬಿಗಿಹಿಡಿಯುವುದಂತೂ ಇನ್ನೂ ಕಠಿಣವಾದ ವ್ರತ.

ಗೃಹಸ್ಥರಾದ ನೀವೂ ಇದರಲ್ಲಿ ಪಾಲುದಾರರು. ಮಗು “ಏಕೆ?” ಎಂದೊಡನೆ “ಎದುರುತ್ತರ ಕೊಡುತ್ತೀಯಾ?” ಎಂದು ಗದರಿಸಿದರೆ ನಮ್ಮ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೇಹಣ್ಣು ತೊಳೆದಂತೆ.

ಕೆಲವು ವರ್ಷಗಳ ತರುವಾಯ ಅದೇ ಪ್ರಸಂಗವನ್ನು ಬೇರೊಂದು ತರಗತಿಯಲ್ಲಿ ಇಟ್ಟೆನು. ಅಜ್ಜಂಪುರದ ಕಡೆಯ ಹುಡುಗನು ಕೆರೆಯ ಪಕ್ಷವನ್ನು ಹಿಡಿದನು. ತರೀಕೆರೆಯ ಕಡೆಯ ಬಾಲಕಿಯು ಅವನ ಮಾತನ್ನು ಯಥಾವತ್ತಾಗಿ ಹೇಳಿ, “ಪ್ರಭುಗಳು ಕೆಣಕಿದ್ದು ಕೆರೆಯನ್ನಲ್ಲ, ‘ನಾನು ಕಟ್ಟಿದೆ’ ಎಂಬುದನ್ನು” ಎಂದಳು. ಹುಡುಗನು ತಡೆದು ಯೋಚಿಸಿ, “ಹಾಗಾದರೆ ಅಲ್ಲಿ ಮಣ್ಣು ಹೊರುತ್ತಿದ್ದ ಕೂಲಿಯವರಿಗೆ ಯಾವ ‘ನಾನು’ ಇತ್ತು? ಅವರ ಬೆವರಿಗೆ ಏನು ಹೇಳುವುದು?” ಎಂದನು. ನನ್ನ ಬಳಿ ಉತ್ತರವಿರಲಿಲ್ಲ. ಗಂಟೆ ಹೊಡೆಯಿತು, ಮರುದಿನದ ಪ್ರಶ್ನೆಯಾಗಿ ಅದನ್ನೇ ಹಲಗೆಯ ಮೇಲೆ ಬರೆದೆನು.